ಎಫ್‌ಎನ್‌ಯು ಎಂಬುವನನ್ನು ಹುಡುಕಿ ಹೊರಟದ್ದು: ಕೌಂಟಿ ಕೋರ್ಟಿನಿಂದ ಹಳೇ ಫೈಲು ತೆಗೆಸಿದ ಲಾಗ್

ಬೇಕಾಗಿದ್ದದ್ದು ಒಂದೇ ಒಂದು ಹಾಳೆ. 2011ರಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟು ನನ್ನ ಹೆಸರು ಬದಲಿಸಿ ಕೊಟ್ಟ ಡಿಕ್ರಿ. ಅದು ಮನೆಯಲ್ಲಿ ಎಲ್ಲೂ ಇಲ್ಲ. ಆಮೇಲೆ ಎರಡು ಸಲ ಮನೆ ಬದಲಿಸಿದ್ದೇವೆ, ಯಾವ ಡಬ್ಬದ ಜೊತೆ ಹೋಯಿತೋ. ಇಷ್ಟು ವರ್ಷ ಅದರ ನೆನಪೇ ಬಂದಿರಲಿಲ್ಲ.

ನೆನಪು ಮಾಡಿದ್ದು ಮೈಸೂರಿನ ಸೈಟು. ಅಪ್ಪ ಇದ್ದಾಗ ನನ್ನ ಹೆಸರಿಗೆ ತೆಗೆದಿದ್ದು. ಈಗ ಮಾರಬೇಕು. ನನ್ನ ತಮ್ಮ, ಕೊಳ್ಳುವವರ ವಕೀಲರ ಹತ್ತಿರ ಕಾಗದ ತೋರಿಸಿದ. ಅವರು ಕೇಳಿದ್ದು ಒಂದೇ ಪ್ರಶ್ನೆ: 'ಕ್ರಯಪತ್ರದಲ್ಲಿರುವ ಈ ಮನುಷ್ಯನೂ ಅಮೆರಿಕದಲ್ಲಿರುವ ಆ ಮನುಷ್ಯನೂ ಒಬ್ಬರೇ ಅಂತ ಏನು ಗ್ಯಾರಂಟಿ?'

ಪ್ರಶ್ನೆ ಸರಿಯಾಗಿಯೇ ಇತ್ತು. ನನಗೆ ಮೂರು ಹೆಸರು ಇವೆ. ಪೂರ್ತಿ ಹೆಸರು ಇಲ್ಲಿ ಬೇಡ, ಮೂರ್ತಿ ಅಂತಲೇ ಇಟ್ಟುಕೊಳ್ಳಿ. ಸೈಟಿನ ಕಾಗದದಲ್ಲಿ ನಾನು ಎಚ್. ಎಸ್. ಮೂರ್ತಿ. ಎಚ್ ಅಂದರೆ ಊರು, ಎಸ್ ಅಂದರೆ ಅಪ್ಪ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಬೇಕಿತ್ತು. ನಾನು ಬಿಡಿಸುವ ಬದಲು ಬಿಟ್ಟೇಬಿಟ್ಟೆ. ಸರ್‌ನೇಮ್ ಕಾಲಂ ಖಾಲಿ, ಹೆಸರು ಬರೀ ಮೂರ್ತಿ. ಅಮೆರಿಕದ ವೀಸಾ ಕೊಡುವವರಿಗೆ ಒಂದೇ ಹೆಸರಿನ ಮನುಷ್ಯ ಅರ್ಥವಾಗುವುದಿಲ್ಲ. ಇದ್ದ ಒಂದು ಹೆಸರನ್ನು ಸರ್‌ನೇಮ್ ಜಾಗಕ್ಕೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಹಾಕುತ್ತಾರೆ. ಫಸ್ಟ್ ನೇಮ್ ಅನ್‌ನೋನ್. ಮೊದಲ ಹೆಸರು ಗೊತ್ತಿಲ್ಲ ಅಂತ. ಡ್ರೈವಿಂಗ್ ಲೈಸೆನ್ಸು, ಬ್ಯಾಂಕು, ಆಫೀಸಿನ ಬ್ಯಾಡ್ಜು, ಎಲ್ಲ ಕಡೆ ಅದೇ. ದಂತವೈದ್ಯರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಹುಡುಗಿ 'ಫನೂ?' ಅಂತ ಕೂಗುತ್ತಿದ್ದಳು, ನಾನು ಎದ್ದು ಹೋಗುತ್ತಿದ್ದೆ. ಈ ಕಡೆ ಇರುವ ನಮ್ಮವರಲ್ಲಿ ಬಹಳ ಜನಕ್ಕೆ ಇದು ಹೊಸದಲ್ಲ.

ಅದಕ್ಕೇ 2011ರಲ್ಲಿ ಕೋರ್ಟಿಗೆ ಅರ್ಜಿ ಹಾಕಿ, ಮೂರ್ತಿಯನ್ನು ಮೊದಲ ಹೆಸರು ಮಾಡಿ, ಅಪ್ಪನ ಹೆಸರನ್ನು ಸರ್‌ನೇಮ್ ಮಾಡಿಕೊಂಡೆ. ಆ ಡಿಕ್ರಿಯೇ ಈಗ ಬೇಕಾಗಿರುವುದು. ಮೈಸೂರಿನಲ್ಲಿ ಇಂಥದ್ದಕ್ಕೆಲ್ಲ 'ಒನ್ ಅಂಡ್ ದಿ ಸೇಮ್' ಅಂತ ಒಂದು ಅಫಿಡವಿಟ್ ಮಾಡಿಸಿದರೆ ಸಾಮಾನ್ಯವಾಗಿ ನಡೆಯುತ್ತದೆ. ಆದರೆ ಕೊಳ್ಳುವವರು ಬ್ಯಾಂಕ್ ಸಾಲ ತೆಗೆಯುವವರು. ವಕೀಲರು ಅಫಿಡವಿಟ್ ಜೊತೆಗೆ ಕೋರ್ಟಿನ ಕಾಗದವೂ ಬೇಕು, ಅದಕ್ಕೆ ಅಪೊಸ್ಟಿಲ್ ಮುದ್ರೆಯೂ ಬೇಕು ಅಂದರು. ಅಪೊಸ್ಟಿಲ್ ಅಂದರೆ ಒಂದು ದೇಶದ ಕಾಗದ ಇನ್ನೊಂದು ದೇಶದಲ್ಲಿ ನಡೆಯಲಿ ಅಂತ ಹಾಕುವ ಸರ್ಕಾರಿ ದೃಢೀಕರಣ.

ಸರಿ, ಕೆಲಸ ಶುರು.

ಮೊದಲ ಶನಿವಾರ: ತಪ್ಪು ಕೌಂಟಿ

ನಾವಿರುವುದು ಫ್ರೀಮಾಂಟಿನಲ್ಲಿ. ಅದು ಆಲಮೀಡಾ ಕೌಂಟಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಆಲಮೀಡಾ ಕೋರ್ಟಿನ ವೆಬ್‌ಸೈಟಿನಲ್ಲಿ ಹುಡುಕಲು ಕೂತೆ. ಹೊಸ ಹೆಸರು ಹಾಕಿದೆ, ಇಲ್ಲ. ಹಳೇ ಹೆಸರು, ಇಲ್ಲ. ಕಾಗುಣಿತ ತಿರುವಿ ಮುರುವಿ ಹಾಕಿದೆ, ಇಲ್ಲ. ಒಂದೂವರೆ ಗಂಟೆ ಹೀಗೇ ಹೋಯಿತು. ಫೈಲನ್ನು ಸುಟ್ಟುಹಾಕಿರಬೇಕು ಅನ್ನುವವರೆಗೆ ಬಂದೆ.

ಅಡುಗೆ ಮನೆಯಿಂದ ಹೆಂಡತಿ ಕೇಳಿದಳು, 'ಆಗ ನಾವು ಮಿಲ್ಪಿಟಾಸ್ ಅಪಾರ್ಟ್‌ಮೆಂಟಿನಲ್ಲಿ ಇದ್ದೆವು ಅಲ್ವಾ?'

ಹೌದು. ಫ್ರೀಮಾಂಟ್ ಮುಗಿದು ಮಿಲ್ಪಿಟಾಸ್ ಶುರುವಾಗುವಲ್ಲಿ ಯಾರಿಗೂ ಕಾಣದ ಒಂದು ಗೆರೆ ಇದೆ. ಆ ಕಡೆ ಸಾಂಟಾ ಕ್ಲಾರಾ ಕೌಂಟಿ. ತರಕಾರಿ ತರಲು ದಿನಾ ದಾಟುವ ಗೆರೆ. ಆದರೆ ಕೋರ್ಟಿನ ಲೆಕ್ಕದಲ್ಲಿ ಅದು ಬೇರೆಯೇ ರಾಜ್ಯ ಇದ್ದ ಹಾಗೆ. ಹೆಸರು ಬದಲಾವಣೆಯ ಅರ್ಜಿಯನ್ನು ಅರ್ಜಿ ಹಾಕುವ ದಿನ ನೀವು ಯಾವ ಕೌಂಟಿಯಲ್ಲಿ ವಾಸ ಇದ್ದಿರೋ ಅಲ್ಲೇ ಹಾಕಬೇಕು. ಈಗ ಎಲ್ಲಿದ್ದೀರಿ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕ್ಯಾಲಿಫೋರ್ನಿಯಾದಲ್ಲಿ 58 ಕೌಂಟಿಗಳು. ಪ್ರತಿಯೊಂದಕ್ಕೂ ಒಂದೊಂದು ಸುಪೀರಿಯರ್ ಕೋರ್ಟ್. ನಮ್ಮ ಜಿಲ್ಲಾ ನ್ಯಾಯಾಲಯದ ಹಾಗೆ ಅಂದುಕೊಳ್ಳಿ. ಎಲ್ಲ 58ನ್ನೂ ಒಂದೇ ಏಟಿಗೆ ಹುಡುಕುವ ಸರ್ಕಾರಿ ಜಾಲತಾಣ ಇಲ್ಲ. ಇದನ್ನು ತಮ್ಮನಿಗೆ ಹೇಳಿದಾಗ ಅವನಿಗೆ ನಗು. ಅವನು ನಮ್ಮ ಚಿಕ್ಕಪ್ಪನ ಪಾಲುಪಟ್ಟಿ ದಾವೆಗೆ ಓಡಾಡಿದವನು. ಅಲ್ಲಿ ಇ-ಕೋರ್ಟ್ಸ್‌ನಲ್ಲಿ ಹದಿನಾರು ಅಕ್ಷರದ ಸಿಎನ್‌ಆರ್ ನಂಬರ್ ಒಂದಿದ್ದರೆ ದೇಶದ ಯಾವ ಜಿಲ್ಲಾ ಕೋರ್ಟಿನ ಕೇಸಾದರೂ ಫೋನಿನಲ್ಲೇ ಬರುತ್ತದೆ. 'ಸಿಲಿಕಾನ್ ವ್ಯಾಲಿಯಲ್ಲಿ ಇದ್ದುಕೊಂಡು ಇಷ್ಟೂ ಇಲ್ವಾ ನಿಮಗೆ?' ಅಂದ. ಉತ್ತರ ಕೊಡಲಿಲ್ಲ.

ಬುಧವಾರ: ತಪ್ಪು ಕಚೇರಿ

ಇದು ಪೂರ್ತಿ ನನ್ನದೇ ದಡ್ಡತನ. ಕೌಂಟಿ ದಾಖಲೆ ಅಂದ ತಕ್ಷಣ ಕೌಂಟಿ ಕ್ಲರ್ಕ್-ರೆಕಾರ್ಡರ್ ಕಚೇರಿಗೆ ಹೋಗಿ ನಿಂತೆ. ಹುಟ್ಟಿದ್ದು, ಮದುವೆಯಾದದ್ದು, ಮನೆ ಕೊಂಡದ್ದು, ಸಾಲ ತೀರಿಸಿದ್ದು, ಇವೆಲ್ಲ ಅಲ್ಲಿ. ಕೋರ್ಟಿನ ಫೈಲು ಅಲ್ಲಿಲ್ಲ. ನಮ್ಮಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಿವಿಲ್ ದಾವೆಯ ಡಿಕ್ರಿ ಕೇಳಿದರೆ ಹೇಗೋ ಹಾಗೆ. ಕೌಂಟರಿನಲ್ಲಿದ್ದ ಹೆಂಗಸು ನಗುತ್ತಲೇ ಕೋರ್ಟಿನ ದಾರಿ ತೋರಿಸಿದರು. ದಿನಕ್ಕೆ ಎಷ್ಟು ಜನಕ್ಕೆ ತೋರಿಸುತ್ತಾರೋ.

ಆದರೆ ಒಂದು ವಿಷಯ ಕಲಿತೆ. ನನ್ನ ಕೇಸಿಗೆ ಉಪಯೋಗವಿಲ್ಲ, ನಿಮಗೆ ಆಗಬಹುದು. ಯಾವುದಾದರೂ ಜಮೀನು, ಮನೆಯ ಮೇಲೆ ದಾವೆ ಇದ್ದರೆ 'ಲಿಸ್ ಪೆಂಡೆನ್ಸ್' ಅಂತ ಒಂದು ನೋಟೀಸನ್ನು ರೆಕಾರ್ಡರ್ ಹತ್ತಿರ ದಾಖಲು ಮಾಡುವುದುಂಟು. ದುಡ್ಡಿನ ಡಿಕ್ರಿ ಪಡೆದವರು 'ಆಬ್ಸ್ಟ್ರಾಕ್ಟ್ ಆಫ್ ಜಡ್ಜ್‌ಮೆಂಟ್' ಅಂತ ಒಂದು ಹಾಳೆಯನ್ನು ಅಲ್ಲೇ ದಾಖಲು ಮಾಡುತ್ತಾರೆ. ಸಾಲಗಾರನ ಆಸ್ತಿಗೆ ಗಂಟು ಹಾಕಲು. ಎರಡರಲ್ಲೂ ಕೋರ್ಟಿನ ಹೆಸರು, ಕೇಸ್ ನಂಬರ್ ಇರುತ್ತದೆ. ಕೇಸ್ ನಂಬರ್ ಗೊತ್ತಿಲ್ಲದೆ ಒದ್ದಾಡುವವರಿಗೆ ಇದು ಹಿತ್ತಲ ಬಾಗಿಲು.

ಎರಡನೇ ಶನಿವಾರ: ಬಿಟ್ಟ ಹೆಸರಿನ ಹಿಂದೆ

ಈಗ ಸಾಂಟಾ ಕ್ಲಾರಾ ಕೋರ್ಟಿನ ಪೋರ್ಟಲ್. ಪಕ್ಷಗಾರರ ಹೆಸರಿನಿಂದ ಹುಡುಕಬಹುದು, ಕೇಸ್ ನಂಬರಿನಿಂದ ಹುಡುಕಬಹುದು. ನಂಬರ್ ಇಲ್ಲ, ಹೆಸರೇ ಗತಿ.

ಮೊದಲು ಹೊಸ ಹೆಸರು ಹಾಕಿದೆ. ಏನೂ ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತಲೆಗೆ ಹೊಳೆಯಿತು. ಅರ್ಜಿ ಹಾಕಿದವನಿಗೆ ಆ ಹೊಸ ಹೆಸರು ಇನ್ನೂ ಬಂದೇ ಇರಲಿಲ್ಲ! ಕೋರ್ಟಿಗೆ ಹೋದವನು ಹಳೇ ಮನುಷ್ಯ. ಯಾವ ಹೆಸರು ಬೇಡ ಅಂತ ಕೋರ್ಟಿಗೆ ಹೋದೆನೋ ಅದೇ ಹೆಸರಿನಿಂದ ಹುಡುಕಬೇಕು.

ಆ ಹೆಸರನ್ನು ಹೇಗೆ ಬರೆದಿದ್ದೆ? ಇಲ್ಲೇ ನಮ್ಮ ದಕ್ಷಿಣದವರ ಕಷ್ಟ. 'ತ'ಗೆ ನಾವು ಟಿ ಜೊತೆ ಎಚ್ ಹಾಕುತ್ತೇವೆ, ಉತ್ತರದವರು ಹಾಕುವುದಿಲ್ಲ. ಮೂರ್ತಿಯ 'ಮೂ'ಗೆ ಒಂದು ಯು ಹಾಕುವವರುಂಟು, ಎರಡು ಓ ಹಾಕುವವರುಂಟು. ಕೊನೆಗೆ ವೈ ಅಥವಾ ಐ. ಲೆಕ್ಕ ಹಾಕಿದರೆ ಎಂಟು ರೂಪ. ಒಂದು ಹಾಳೆಯಲ್ಲಿ ಎಂಟನ್ನೂ ಬರೆದುಕೊಂಡು ಒಂದೊಂದೇ ಹೊಡೆಯುತ್ತಾ ಬಂದೆ. ನನ್ನ ಪಾಸ್‌ಪೋರ್ಟ್ ರೂಪದಲ್ಲೇ ಸಿಕ್ಕಿತು, ಆದರೆ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ತುಂಬಿದ ಮೇಲೆ. ಆ ಜಾಗ ಖಾಲಿ ಬಿಟ್ಟಾಗ ಮೂರ್ತಿಗಳ ಜಾತ್ರೆಯೇ ಬಂದಿತ್ತು. ಈ ಕಣಿವೆಯಲ್ಲಿ ಎಷ್ಟು ಮೂರ್ತಿಗಳು ಯಾರ ಯಾರ ಮೇಲೆ ದಾವೆ ಹೂಡಿದ್ದಾರೋ!

ಎಫ್‌ಎನ್‌ಯು ಹಾಕಿದಾಗಲೂ ಇಬ್ಬರು ಬಂದರು. ಇನ್ನೊಬ್ಬ ಎಫ್‌ಎನ್‌ಯು ಮೂರ್ತಿಯದು ಸಣ್ಣ ಮೊತ್ತದ ತಕರಾರು, ಸ್ಮಾಲ್ ಕ್ಲೇಮ್ಸ್ ಕೇಸು. ನನ್ನದು ಸಿವಿಲ್, ಹೆಸರು ಬದಲಾವಣೆ, 2011. ಆ ಅಣ್ಣ ಯಾರೋ, ಅವನಿಗೂ ಒಂದು ಹೆಸರು ಸಿಗಲಿ.

ನಂಬರ್ ಬರೆದುಕೊಂಡೆ. ಮೂರು ಕಡೆ ಬರೆದುಕೊಂಡೆ. ಕೋರ್ಟಿನಲ್ಲಿ ನಾವು ಯಾರು ಅನ್ನುವುದು ಹೆಸರಿನಿಂದ ಅಲ್ಲ, ನಂಬರಿನಿಂದ. ನಂಬರ್ ಇದ್ದರೆ ಐದು ನಿಮಿಷದ ಕೆಲಸ. ಇಲ್ಲದೆ ಹೋಗಿ ಹುಡುಕಿಕೊಡಿ ಅಂದರೆ, ಹತ್ತು ನಿಮಿಷಕ್ಕಿಂತ ಜಾಸ್ತಿ ಹಿಡಿಯುವ ಪ್ರತಿ ಹುಡುಕಾಟಕ್ಕೆ ಕ್ಯಾಲಿಫೋರ್ನಿಯಾದಲ್ಲಿ 15 ಡಾಲರ್ ಶುಲ್ಕ.

ಅದೇ ಸಂಜೆ: ಫೈಲು ಉಳಿದಿದೆಯೋ ಇಲ್ಲವೋ

ನಂಬರ್ ಸಿಕ್ಕ ಖುಷಿ ಅರ್ಧ ಗಂಟೆಯೂ ಉಳಿಯಲಿಲ್ಲ. ಸಾಮಾನ್ಯ ಸಿವಿಲ್ ಕೇಸುಗಳ ಫೈಲನ್ನು ಕ್ಯಾಲಿಫೋರ್ನಿಯಾದ ಕೋರ್ಟು ಹತ್ತು ವರ್ಷ ಇಟ್ಟುಕೊಂಡರೆ ಸಾಕು ಅಂತ ಓದಿದೆ. 2011ಕ್ಕೆ ಹತ್ತು ಸೇರಿಸಿ. ಎದೆ ಧಸಕ್ಕೆಂದಿತು.

ಕಾನೂನನ್ನೇ ತೆಗೆದು ನೋಡಿದೆ. ಗವರ್ನಮೆಂಟ್ ಕೋಡ್, ಸೆಕ್ಷನ್ 68152. ಒಂದೊಂದು ಬಗೆಯ ಕೇಸಿಗೆ ಒಂದೊಂದು ಆಯಸ್ಸು. ಸಿವಿಲ್ ದಾವೆಗೆ ಹತ್ತು, ಸ್ಮಾಲ್ ಕ್ಲೇಮ್ಸ್‌ಗೆ ಹತ್ತು, ವಿಚ್ಛೇದನಕ್ಕೆ ಮೂವತ್ತು, ದತ್ತಕಕ್ಕೆ ಶಾಶ್ವತ. ಹೆಸರು ಬದಲಾವಣೆಗೂ ಶಾಶ್ವತ! ಉಸಿರು ಬಂತು. ಯೋಚಿಸಿದರೆ ನ್ಯಾಯವೇ. ಬಾಡಿಗೆ ಜಗಳ ಹತ್ತು ವರ್ಷಕ್ಕೆ ಹಳತಾಗುತ್ತದೆ, ಹೆಸರು ಆಗುವುದಿಲ್ಲ.

ನಿಮ್ಮದು ಬೇರೆ ಬಗೆಯ ಕೇಸಾಗಿದ್ದರೆ ಈ ಲೆಕ್ಕ ಮೊದಲು ನೋಡಿಕೊಳ್ಳಿ. ಗುತ್ತಿಗೆದಾರನ ಮೇಲೆ ಗೆದ್ದ ಹಳೇ ದಾವೆಯ ಕಾಗದ ಬೇಕಿದ್ದರೆ ಮುಂದಿನ ವರ್ಷ ಅಂತ ಕೂರಬೇಡಿ.

ಪೋರ್ಟಲಿನಲ್ಲಿ ನಂಬರ್ ಒತ್ತಿದರೆ ಕೇಸಿನ ದಿನಚರಿ ಬರುತ್ತದೆ. 'ರಿಜಿಸ್ಟರ್ ಆಫ್ ಆಕ್ಷನ್ಸ್' ಅನ್ನುತ್ತಾರೆ. ನಮ್ಮ ಕೋರ್ಟಿನ ಆರ್ಡರ್ ಶೀಟ್ ಓದಿದವರಿಗೆ ಪರಿಚಿತ. ಅರ್ಜಿ ಬಂತು. ಯಾರಿಗಾದರೂ ತಕರಾರಿದ್ದರೆ ಹೇಳಿ ಅನ್ನುವ ಆದೇಶ ಹೊರಟಿತು. ಪತ್ರಿಕೆಯಲ್ಲಿ ಪ್ರಕಟಣೆಯಾದ ಪುರಾವೆ ಬಂತು. ವಿಚಾರಣೆ. ಡಿಕ್ರಿ. ಆ ಪ್ರಕಟಣೆ ನೆನಪಿದೆ. ವಾರಕ್ಕೊಮ್ಮೆಯಂತೆ ನಾಲ್ಕು ವಾರ ಒಂದು ಸ್ಥಳೀಯ ಪತ್ರಿಕೆಯಲ್ಲಿ ಹಾಕಿಸಬೇಕಿತ್ತು. ವಿಚಾರಣೆ ಎರಡು ನಿಮಿಷದಲ್ಲಿ ಮುಗಿದಿತ್ತು.

ಪಟ್ಟಿ ಕಂಡಿತು, ಆದರೆ ಕಾಗದ ತೆರೆಯಲಿಲ್ಲ. ತೆರೆದಿದ್ದರೂ ಏನು, ಸ್ಕ್ರೀನಿನಿಂದ ತೆಗೆದ ಪ್ರಿಂಟು ವಕೀಲರಿಗೆ ಬೇಡ. ಮುದ್ರೆ ಒತ್ತಿದ ಪ್ರತಿ ಬೇಕು. ಏನು ಮನೆಯಿಂದ ಕಾಣುತ್ತದೆ, ಏನು ಕೋರ್ಟಿಗೆ ಹೋದರೆ ಮಾತ್ರ ಕಾಣುತ್ತದೆ ಅನ್ನುವುದಕ್ಕೂ ರಾಜ್ಯದ ಕೋರ್ಟು ನಿಯಮಗಳಲ್ಲಿ ಒಂದು ಗೆರೆ ಇದೆ. ಕುಟುಂಬದ ಕೇಸು, ಕಿರುಕುಳ ತಡೆಯುವ ಆದೇಶಗಳಂಥವು ಸಾರ್ವಜನಿಕವೇ ಆದರೂ ಅವುಗಳ ಕಾಗದ ದೂರದಿಂದ ಕಾಣುವುದಿಲ್ಲ, ಹೋಗಿಯೇ ನೋಡಬೇಕು. ಶುಲ್ಕ ಮನ್ನಾ ಕೇಳಿದ ಅರ್ಜಿಯಂಥವು ಹೋದರೂ ಸಿಗುವುದಿಲ್ಲ.

ಟಪಾಲಾ, ನೇರವಾಗಿಯಾ?

ಟಪಾಲಿನಲ್ಲಿ ಕೇಳಬಹುದು. ಕೋರ್ಟಿನ ಫಾರಂ ಅಥವಾ ಒಂದು ಪತ್ರ, ಅದರಲ್ಲಿ ಕೇಸ್ ನಂಬರ್, ಯಾವ ತಾರೀಖಿನ ಯಾವ ಕಾಗದ, ಎಷ್ಟು ಪ್ರತಿ, ಸರ್ಟಿಫೈಡ್ ಬೇಕೋ ಸಾದಾ ಸಾಕೋ. ಜೊತೆಗೆ ನಿಮ್ಮದೇ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆ, ಮತ್ತು ಚೆಕ್ಕು.

ಎಷ್ಟು ಪುಟ ಅಂತಲೇ ಗೊತ್ತಿಲ್ಲದಾಗ ಚೆಕ್ಕು ಎಷ್ಟಕ್ಕೆ ಬರೆಯುವುದು? ಇದಕ್ಕೆ ಇಲ್ಲಿನವರ ಹತ್ತಿರ ಒಂದು ಒಳ್ಳೆಯ ಉಪಾಯ ಇದೆ. ಮೊತ್ತ ಬರೆಯದೆ, 'ಇಷ್ಟು ಡಾಲರ್ ಮೀರಬಾರದು' ಅಂತ ಚೆಕ್ಕಿನ ಮೇಲೆ ಬರೆದು ಕಳಿಸುವುದು. ಅವರು ಲೆಕ್ಕ ಹಾಕಿ ತುಂಬಿಕೊಳ್ಳುತ್ತಾರೆ. ಸಹಿ ಹಾಕಿದ ಖಾಲಿ ಚೆಕ್ಕನ್ನು ಟಪಾಲಿಗೆ ಹಾಕುವುದು ಅಂದರೆ ನನ್ನ ಅಪ್ಪನಿಗೆ ಜ್ವರ ಬರುತ್ತಿತ್ತು. ಆದರೆ ಅನೇಕ ಕೋರ್ಟುಗಳಲ್ಲಿ ಇದು ಮಾಮೂಲು.

ನಾನು ನೇರವಾಗಿ ಹೋದೆ. ಬರೀ ಡಿಕ್ರಿ ಅಲ್ಲ, ಪೂರ್ತಿ ಫೈಲು ಒಮ್ಮೆ ನೋಡಬೇಕು ಅನ್ನಿಸಿತ್ತು. ಅದು ಈ ಇಡೀ ಯೋಜನೆಯಲ್ಲಿ ನಾನು ಮಾಡಿದ ಒಂದೇ ಜಾಣ ಕೆಲಸ.

ಸೋಮವಾರ: ಸ್ಯಾನ್ ಹೊಸೆ

ಬಾರ್ಟ್ ರೈಲಿನಲ್ಲಿ ಬೆರ್ರಿಯೆಸ್ಸಾವರೆಗೆ, ಅಲ್ಲಿಂದ ಬಸ್ಸು. ಕೋರ್ಟು ಇರುವುದು ನಾರ್ತ್ ಫಸ್ಟ್ ಸ್ಟ್ರೀಟಿನಲ್ಲಿ, ಸೇಂಟ್ ಜೇಮ್ಸ್ ಪಾರ್ಕಿನ ಎದುರು. ಪಕ್ಕದಲ್ಲೇ 1868ರಲ್ಲಿ ಕಟ್ಟಿ ಮುಗಿಸಿದ ಹಳೇ ಕೋರ್ಟು, ದೊಡ್ಡ ಕಂಬಗಳದ್ದು. ನೋಡಲು ಅದೇ ಚೆನ್ನ. ನನ್ನ ಕೆಲಸ ಇದ್ದದ್ದು ಮಾತ್ರ ಪಕ್ಕದ ಕಟ್ಟಡದಲ್ಲಿ.

ಬಾಗಿಲಲ್ಲಿ ವಿಮಾನ ನಿಲ್ದಾಣದ ಹಾಗೆ ತಪಾಸಣೆ. ಬೆಲ್ಟು ಬಿಚ್ಚಿ, ಹಾಕಿ, ಒಳಗೆ ಹೋದೆ. ಟೋಕನ್ನು, ಕಾಯುವುದು. ಜಾಸ್ತಿ ಹೊತ್ತೇನಲ್ಲ. ನಂಬರ್ ಕೊಟ್ಟೆ. ಗುರುತಿನ ಚೀಟಿ ತೆಗೆದು ಹಿಡಿದಿದ್ದೆ, ನನ್ನದೇ ಕೇಸು ಅಂತ ತೋರಿಸಲು. ಯಾರೂ ಕೇಳಲಿಲ್ಲ. ಸಿವಿಲ್ ಫೈಲು ಸಾರ್ವಜನಿಕ. ಯಾರು ಬೇಕಾದರೂ ನೋಡಬಹುದು, ಯಾಕೆ ಬೇಕು ಅಂತ ಹೇಳಬೇಕಾಗಿಲ್ಲ. ಊರಿನ ಕೋರ್ಟುಗಳ ನಕಲು ಅರ್ಜಿಯ ಅಭ್ಯಾಸ ಇರುವವನಿಗೆ, ಪಕ್ಷಗಾರನಲ್ಲದಿದ್ದರೆ ಕಾರಣ ಹೇಳಿ ಒಪ್ಪಿಗೆ ಕೇಳಬೇಕಾದ ನನ್ನಂಥವನಿಗೆ, ಇದು ಸ್ವಲ್ಪ ಮುಜುಗರವೇ. ನನ್ನ ಹಳೇ ವಿಳಾಸ, ನನ್ನ ಗೋಳು, ಯಾರೂ ಓದಬಹುದಿತ್ತು ಇಷ್ಟು ದಿನ. ಯಾರೂ ಓದಿರಲಿಕ್ಕಿಲ್ಲ, ಬಿಡಿ.

ಫೈಲು ನೋಡಲು ಕೂತೆ. ಡಿಕ್ರಿ ಒಂದು ಪುಟ. ಎಫ್‌ಎನ್‌ಯು ಮೂರ್ತಿ ಇನ್ನು ಮುಂದೆ ಇಂಥವನು, ನ್ಯಾಯಾಧೀಶರ ಸಹಿ. ಅಷ್ಟೇ.

ಅಷ್ಟೇ ಅನ್ನುವಾಗಲೇ ತೊಂದರೆ ಕಣ್ಣಿಗೆ ಬಿತ್ತು. ಡಿಕ್ರಿ ಹೇಳುವುದು ಎರಡನೇ ಹೆಸರಿನಿಂದ ಮೂರನೇ ಹೆಸರಿಗೆ. ಸೈಟು ಇರುವುದು ಮೊದಲನೇ ಹೆಸರಿನಲ್ಲಿ. ಎಚ್. ಎಸ್. ಅನ್ನುವ ಎರಡು ಅಕ್ಷರ ಈ ಹಾಳೆಯಲ್ಲಿ ಎಲ್ಲೂ ಇಲ್ಲ. ಇಷ್ಟೆಲ್ಲ ಮಾಡಿ ಸೇತುವೆಯ ಅರ್ಧ ಕಟ್ಟಿದ ಹಾಗಾಯಿತು.

ಹಿಂದಿನ ಪುಟಗಳಿಗೆ ಹೋದೆ. ಅರ್ಜಿಯ ಜೊತೆ ಒಂದು ಲಗತ್ತು ಹಾಳೆ ಇರುತ್ತದೆ, ಎನ್‌ಸಿ-110 ಅಂತ ಫಾರಂ. ಅದರಲ್ಲಿ ಹುಟ್ಟಿದ ಸ್ಥಳ, ತಾರೀಖು, ಆಮೇಲೆ ಯಾಕೆ ಹೆಸರು ಬದಲಿಸಬೇಕು ಅಂತ ಕಾರಣ ಬರೆಯಲು ಜಾಗ. ಅಲ್ಲಿ ನನ್ನ ಕೈಬರಹ. ಇಕ್ಕಟ್ಟಾದ ಜಾಗದಲ್ಲಿ, ಅಂಚಿಗೆ ತಗುಲುವ ಹಾಗೆ, ಇಂಗ್ಲಿಷಿನಲ್ಲಿ ಬರೆದಿದ್ದೆ: ಭಾರತದಲ್ಲಿ ನನ್ನ ಶಾಲೆಯ, ಆಸ್ತಿಯ ಕಾಗದಗಳಲ್ಲಿ ನನ್ನ ಹೆಸರು ಎಚ್. ಎಸ್. ಮೂರ್ತಿ, ನಮ್ಮ ಕಡೆ ಮೊದಲ ಅಕ್ಷರ ಊರಿನದು, ಎರಡನೆಯದು ತಂದೆಯದು, ಊರಿನ ಹೆಸರು ಇದು, ತಂದೆಯ ಹೆಸರು ಇದು, ಪಾಸ್‌ಪೋರ್ಟಿನಲ್ಲಿ ಇವು ಬಿಟ್ಟುಹೋದ ಕಾರಣ ಎಫ್‌ಎನ್‌ಯು ಆಗಿದೆ.

ಹೆಂಡತಿ ಆಗ ಬೈದಿದ್ದಳು. ಕೋರ್ಟಿಗೆ ನಿಮ್ಮ ಊರಿನ ಪುರಾಣ ಯಾಕೆ, ಎರಡು ಸಾಲು ಸಾಕು ಅಂತ. ಆ ಪುರಾಣಕ್ಕೆ ಈಗ ಕೋರ್ಟಿನ ಮುದ್ರೆ ಸಿಗುತ್ತದೆ! ಅದೂ ಸೈಟು ಮಾರುವ ಯೋಚನೆಯೇ ಇಲ್ಲದ ಕಾಲದಲ್ಲಿ, ಪ್ರಮಾಣ ಮಾಡಿ ಬರೆದದ್ದು.

ಕೌಂಟರಿಗೆ ಹೋಗಿ ಹೇಳಿದೆ: ಡಿಕ್ರಿಯ ಸರ್ಟಿಫೈಡ್ ಪ್ರತಿ ಎರಡು, ಲಗತ್ತು ಸಮೇತ ಅರ್ಜಿಯದು ಒಂದು. ಪುಟಕ್ಕೆ 50 ಸೆಂಟು, ಪ್ರತಿ ಸರ್ಟಿಫಿಕೇಶನ್‌ಗೆ 40 ಡಾಲರ್. ಡಿಕ್ರಿ ಎರಡಕ್ಕೆ 81, ನಾಲ್ಕು ಪುಟದ ಅರ್ಜಿಗೆ 42, ಒಟ್ಟು 123. ಕಾಗದಕ್ಕಿಂತ ಮುದ್ರೆಗೆ ಬೆಲೆ, ಎಲ್ಲ ದೇಶದಲ್ಲೂ. ಸುಮ್ನೆ ಓದಲಿಕ್ಕೆ ಬೇಕಾದವರು ಸರ್ಟಿಫೈಡ್ ತೆಗೆದುಕೊಳ್ಳಬೇಡಿ, ಸಾದಾ ಪ್ರತಿಗೆ ಚಿಲ್ಲರೆ ಸಾಕು.

ಡಿಕ್ರಿ ಎರಡು ಯಾಕೆ ತೆಗೆದುಕೊಂಡೆ ಅಂತ ಆಗ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಇರಲಿ ಅಂತ.

ಸೋಮವಾರ ರಾತ್ರಿ: ಪಿನ್ನು

ತಮ್ಮನಿಗೆ ತಕ್ಷಣ ಸ್ಕ್ಯಾನ್ ಕಳಿಸಬೇಕಿತ್ತು. ಡಿಕ್ರಿಯ ಹಿಂದೆ ಸರ್ಟಿಫಿಕೇಟಿನ ಹಾಳೆ ಸೇರಿಸಿ ಪಿನ್ ಹೊಡೆದಿದ್ದರು. ಸ್ಕ್ಯಾನರಿನಲ್ಲಿ ಚಪ್ಪಟೆಯಾಗಿ ಕೂರುತ್ತಿರಲಿಲ್ಲ. ಉಗುರಿನಿಂದ ಪಿನ್ ಎಬ್ಬಿಸಿ ತೆಗೆದೆ. ಚೆನ್ನಾಗಿ ಸ್ಕ್ಯಾನ್ ಆಯಿತು. ಮತ್ತೆ ಅದೇ ತೂತಿಗೆ ಪಿನ್ ಹಾಕಲು ನೋಡಿದೆ, ಪಕ್ಕದಲ್ಲಿ ಇನ್ನೆರಡು ತೂತಾಯಿತು.

ಆಮೇಲೆ ಅಪೊಸ್ಟಿಲ್ ಮಾಡಿಸಿದ್ದ ಒಬ್ಬ ಗೆಳೆಯನಿಗೆ ಫೋನ್ ಮಾಡಿದೆ. ಅವನ ಮೊದಲ ಮಾತೇ, 'ಪಿನ್ ಮುಟ್ಟಿಲ್ಲ ತಾನೇ?'

ಪಿನ್ ಬಿಚ್ಚಿದ ಸರ್ಟಿಫೈಡ್ ಪ್ರತಿಯನ್ನು ಯಾರೂ ನಂಬುವುದಿಲ್ಲ. ನಡುವೆ ಹಾಳೆ ಬದಲಿಸಿರಬಹುದು ಅನ್ನುವ ಅನುಮಾನ. ಆ ತೂತುಗಳನ್ನು ನೋಡಿದರೆ ನನಗೇ ಅನುಮಾನ ಬರುತ್ತಿತ್ತು. 40 ಡಾಲರ್ 50 ಸೆಂಟು ಒಂದು ಉಗುರಿನಲ್ಲಿ ಹೋಯಿತು. ಎರಡನೇ ಪ್ರತಿ ಇದ್ದದ್ದು ಪುಣ್ಯ. ಅದನ್ನು, ಅರ್ಜಿಯ ಪ್ರತಿಯನ್ನು ಪಿನ್ ಸಮೇತ ಮೇಲೆ ಹಿಡಿದು ಫೋನಿನಲ್ಲಿ ಫೋಟೋ ತೆಗೆದೆ. ಮೊದಲೇ ಹಾಗೆ ಮಾಡಬಹುದಿತ್ತು.

ಮುಂದಿನ ವಾರ: ಅಪೊಸ್ಟಿಲ್

ಇದು ಸಲೀಸು. ಭಾರತ 2005ರಿಂದ ಹೇಗ್ ಅಪೊಸ್ಟಿಲ್ ಒಪ್ಪಂದದಲ್ಲಿದೆ, ಅಮೆರಿಕವೂ ಇದೆ. ಹಾಗಾಗಿ ರಾಯಭಾರ ಕಚೇರಿಗೆ ಅಲೆಯಬೇಕಾಗಿಲ್ಲ. ಕೋರ್ಟಿನ ಕಾಗದಕ್ಕೆ ಅಪೊಸ್ಟಿಲ್ ಹಾಕುವುದು ಆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್. ನಮಗೆ ಸ್ಯಾಕ್ರಮೆಂಟೊ. ಒಂದಕ್ಕೆ 20 ಡಾಲರ್. ಎರಡಕ್ಕೆ 40ರ ಚೆಕ್ಕು, ಮರಳಿ ಕಳಿಸಲು ಲಕೋಟೆ, ಮತ್ತು ಯಾವ ದೇಶದಲ್ಲಿ ಬಳಸುತ್ತೀರಿ ಅಂತ ಬರೆದ ಒಂದು ಚೀಟಿ. ದೇಶದ ಹೆಸರು ಮರೆಯಬೇಡಿ. ನೇರವಾಗಿ ಹೋಗಿ ಮಾಡಿಸಿದರೆ ಸಹಿಗೆ 6 ಡಾಲರ್ ಮೇಲೆ ಕೊಡಬೇಕು. ಅವರು ನೋಡುವುದು ಕಾಗದದಲ್ಲಿ ಬರೆದದ್ದು ನಿಜವೋ ಸುಳ್ಳೋ ಅಂತಲ್ಲ, ಸರ್ಟಿಫೈ ಮಾಡಿದ ಅಧಿಕಾರಿಯ ಸಹಿ ಅಸಲಿಯೋ ಅಂತ. ಅದಕ್ಕೇ ಜೆರಾಕ್ಸ್ ನಡೆಯುವುದಿಲ್ಲ, ಅಸಲು ಸಹಿ, ಅಸಲು ಮುದ್ರೆಯೇ ಹೋಗಬೇಕು.

ನಡುವೆ ಒಂದು ಮಾತು

ಇದನ್ನು ಗೆಳೆಯರ ಗುಂಪಿನಲ್ಲಿ ಹೇಳಿದ ಮೇಲೆ ಬೇರೆ ಬೇರೆ ರಾಜ್ಯದವರು ಕೇಳುತ್ತಿದ್ದಾರೆ. ಕೆಲಸದ ರೀತಿ ಒಂದೇ: ಕೌಂಟಿ, ಹೆಸರು, ನಂಬರ್, ಆಮೇಲೆ ಕಾಗದ. ಆದರೆ ಫೈಲು ಯಾರ ಕೈಯಲ್ಲಿದೆ ಅನ್ನುವುದು ರಾಜ್ಯಕ್ಕೊಂದು. ನ್ಯೂಯಾರ್ಕಿನಲ್ಲಿ ಸುಪ್ರೀಂ ಕೋರ್ಟ್ ಅಂದರೆ ಕೆಳಗಿನ ಕೋರ್ಟು. ದಾವೆ ಶುರುವಾಗುವುದೇ ಅಲ್ಲಿ, ಮತ್ತು ಅದರ ಕ್ಲರ್ಕ್ ಕೌಂಟಿ ಕ್ಲರ್ಕೇ. ಟೆಕ್ಸಾಸ್‌ನಲ್ಲಿ ಕೌಂಟಿ ಕ್ಲರ್ಕ್ ಬೇರೆ, ಡಿಸ್ಟ್ರಿಕ್ಟ್ ಕ್ಲರ್ಕ್ ಬೇರೆ. ಒಬ್ಬರ ಹತ್ತಿರ ಇಲ್ಲ ಅಂದರೆ ಇನ್ನೊಬ್ಬರನ್ನು ಕೇಳಿ. ಪೆನ್ಸಿಲ್ವೇನಿಯಾದಲ್ಲಿ ಸಿವಿಲ್ ಫೈಲು ಇಟ್ಟುಕೊಳ್ಳುವವರಿಗೆ ಪ್ರೊಥೊನೊಟರಿ ಅಂತ ಹೆಸರು. ನಮ್ಮ ಶಿರಸ್ತೇದಾರರಷ್ಟೇ ಗತ್ತಿನ ಹೆಸರು.

ಇನ್ನೊಂದು. ಸಿಟಿಜನ್ ಆಗುವಾಗ ಪ್ರಮಾಣವಚನದ ಹೊತ್ತಿಗೇ ಹೆಸರು ಬದಲಿಸಿಕೊಂಡವರು ಬಹಳ ಜನ ಇದ್ದಾರೆ. ಅದು ಫೆಡರಲ್ ಕೋರ್ಟಿನ ಕೆಲಸ. ಕೌಂಟಿಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಮೊದಲು ನಿಮ್ಮ ನ್ಯಾಚುರಲೈಸೇಶನ್ ಸರ್ಟಿಫಿಕೇಟ್ ತಿರುಗಿಸಿ ನೋಡಿ. ನನ್ನ ಗೆಳತಿಯೊಬ್ಬಳು ಮೂರು ವಾರ ಹುಡುಕಿದ ಮೇಲೆ ಅದು ಅವಳ ಬೀರುವಿನಲ್ಲೇ ಇತ್ತು.

ಕೊನೆಗೆ

ಅಪೊಸ್ಟಿಲ್ ಹಾಳೆ ಅಂಟಿಕೊಂಡ ಎರಡು ಕಟ್ಟು ವಾಪಸ್ ಬಂದವು. ಈ ಸಲ ಪಿನ್ನಿನ ಹತ್ತಿರ ಯಾರನ್ನೂ ಬಿಡಲಿಲ್ಲ. ಕೊರಿಯರ್‌ನಲ್ಲಿ ಮೈಸೂರಿಗೆ ಹೋಯಿತು. ತಮ್ಮ ತೆಗೆದುಕೊಂಡು ಹೋಗಿ ವಕೀಲರ ಮೇಜಿನ ಮೇಲಿಟ್ಟ. ಅವರು ಡಿಕ್ರಿಯನ್ನು ಹತ್ತು ಸೆಕೆಂಡು ನೋಡಿ ಪಕ್ಕಕ್ಕಿಟ್ಟರಂತೆ. ಅರ್ಜಿಯ ಲಗತ್ತನ್ನು ಮಾತ್ರ ಎರಡು ಸಲ ಓದಿ, 'ಇದು ಚೆನ್ನಾಗಿದೆ. ಊರು, ತಂದೆ, ಎಲ್ಲ ಬರೆದಿದ್ದಾರೆ' ಅಂದು, ಅಫಿಡವಿಟ್‌ನಲ್ಲಿ ಅದೇ ಮಾತು ಸೇರಿಸಿದರಂತೆ.

ಖರ್ಚು: ಕೋರ್ಟಿಗೆ 123, ಅಪೊಸ್ಟಿಲ್‌ಗೆ 40, ಒಟ್ಟು 163 ಡಾಲರ್. ಟಪಾಲು, ಕೊರಿಯರ್, ಬಾರ್ಟ್ ಬೇರೆ. ಅದರಲ್ಲಿ 40 ಡಾಲರ್ 50 ಸೆಂಟು ಪಿನ್ನಿನ ಖಾತೆಗೆ.

ತೂತುಬಿದ್ದ ಪ್ರತಿ ಈಗ ಮನೆಯ ಫೈಲಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಇದೆ. ಕವರಿನ ಮೇಲೆ ಹೆಂಡತಿ ಮಾರ್ಕರಿನಲ್ಲಿ ಕೌಂಟಿ, ಕೇಸ್ ನಂಬರ್ ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಾಳೆ: 'ಫನೂ, ಮುಟ್ಟಬೇಡ.'